ಉಪೇಕ್ಷೆಯ ಧರ್ಮ

ಲೆಕ್ಕ ಮಾಡುವವನು ಯಾವನೇ ಆಗಲಿ, ಮೊದಲು ಕೆಲವನ್ನು ಬಿಟ್ಟು ಆಮೇಲೆ ಉಳಿದುದನ್ನು ಎಣಿಸುವನು. ಹೊಲವನ್ನು ಅಳೆಯುವ ಮೋಜಣಿದಾರನು ನೆಲದ ಸಣ್ಣ ಉಬ್ಬುತಗ್ಗುಗಳನ್ನು ಬಿಡುವನು. ಧಾನ್ಯವನ್ನು ತೂಗುವ ವರ್ತಕನು ತಕ್ಕಡಿಯ ಮೇಲೆ ಕುಳಿತ ಧೂಳನ್ನು ಬಿಡುವನು. ಪಂಚಾಂಗವನ್ನು ಗಣಿಸುವ ಜೋಯಿಸನು ವಿಕಲೆಯ ಆಚೆಗಿನ ಅಂಶವನ್ನು ಬಿಡುವನು. ಯಂತ್ರಶಾಸ್ತ್ರದ ಪಾಠಪುಸ್ತಕವನ್ನು ತೆರೆದರಂತೂ 'ಘರ್ಷಣೆಯಿಲ್ಲವೆಂದು ಭಾವಿಸಿ', 'ಗಾಳಿಯ ತಡೆಯನ್ನು ಗಣನೆಗೆ ತಾರದೆ' ಎಂಬ ಮಾತುಗಳು ಪುಟಪುಟದಲ್ಲಿಯೂ ಎದುರಾಗುವುವು. ಏನನ್ನೂ ಬಿಡದೆ ಎಣಿಸಹೊರಟರೆ ಲೆಕ್ಕವು ಎಂದಿಗೂ ಮುಗಿಯದು. ಬಿಟ್ಟು ಎಣಿಸಿದರೆ ಬಂದ ಉತ್ತರವು ಪೂರ್ಣವಾಗಿ ನಿಜವಾಗದು. ಹೀಗಿರಲಾಗಿ, ಯಾವುದನ್ನು ಉಪೇಕ್ಷಿಸಬಹುದು, ಯಾವುದನ್ನು ಉಪೇಕ್ಷಿಸಕೂಡದು ಎಂಬ ಪ್ರಶ್ನೆಯು ಕೇವಲ ಗಣಿತದ್ದಲ್ಲ. ಅದು ಸತ್ಯಾಸತ್ಯಗಳಿಗೆ ಸಂಬಂಧಿಸಿದ ಪ್ರಶ್ನೆ, ಆದಕಾರಣ ಧರ್ಮಕ್ಕೆ ಸಂಬಂಧಿಸಿದ ಪ್ರಶ್ನೆ.

ಇದಕ್ಕೆ ಲೋಕವು ಸಾಮಾನ್ಯವಾಗಿ ಕೊಡುವ ಉತ್ತರವು ಸುಲಭವಾಗಿದೆ. 'ಅಲ್ಪವಾದುದನ್ನು ಬಿಡಬಹುದು' ಎಂಬುದೇ ಆ ಉತ್ತರ. ಆದರೆ ಅಲ್ಪವೆಂಬುದನ್ನು ಅಳೆಯುವ ಕೋಲು ಯಾವುದು? ವಸ್ತುವಿನಲ್ಲಿಯೇ ಅಲ್ಪತ್ವವೆಂಬ ಗುಣವೊಂದು ಇರುವುದೆ? ಅಥವಾ ನೋಡುವವನ ಅಪೇಕ್ಷೆಯಂತೆ ಅದು ಬದಲಾಗುವುದೆ? ದೃಷ್ಟಾಂತವಿಲ್ಲದ ವಾದವು ನಿಲ್ಲದೆಂಬುದು ನೈಯಾಯಿಕರ ಮತ. ಆದುದರಿಂದ ಈ ವಿಚಾರಕ್ಕೆ ತಕ್ಕ ದೃಷ್ಟಾಂತವೊಂದನ್ನು ವಾಚಕರ ಮುಂದಿಡುವೆನು. ಅದು ಪುರಾಣದಿಂದ ತೆಗೆದುದಲ್ಲ. ಈಚಿನ ನಾಲ್ಕು ದಶಕಗಳ ಯಂತ್ರವಿಜ್ಞಾನದಿಂದ ತೆಗೆದುದು. ವಿಷಯವು ಕೊಂಚ ಹೊಸದಾದರೂ ತಾಳ್ಮೆಯಿಂದ ಓದಿದರೆ ಕಠಿನವೇನೂ ಅಲ್ಲ.

ಎತ್ತರವಾದ ಒಂದು ಪಾತ್ರೆಯನ್ನು ಭಾವಿಸಿಕೊಳ್ಳೋಣ. ಅದರ ತಳದಲ್ಲಿ ಸಣ್ಣ ಸಣ್ಣ ರಂಧ್ರಗಳುಳ್ಳ ತಟ್ಟೆ. ತಟ್ಟೆಯ ಮೇಲೆ ಮೊಣಕಾಲೆತ್ತರದ ಮರಳು. ಕೆಳಗಿನಿಂದ ಗಾಳಿಯನ್ನು ಮೆಲ್ಲಗೆ ಊದಿದರೆ ಅದು ಕಣಗಳ ಸಂದಿನಲ್ಲಿ ನುಸುಳಿ ಮೇಲಕ್ಕೆ ಹೋಗುವುದು, ಮರಳು ಅಲುಗುವುದಿಲ್ಲ. ಗಾಳಿಯ ವೇಗವನ್ನು ಹೆಚ್ಚಿಸುತ್ತ ಹೋದರೆ, ಗಾಳಿಯು ಮೇಲಕ್ಕೆ ನೂಕುವ ಬಲವೂ ಮರಳಿನ ಭಾರವೂ ಸರಿಸಮವಾಗುವ ಒಂದು ಕ್ಷಣವು ಬರುವುದು. ಆಗ ಕಣಗಳು ಒಂದರ ಮೇಲೊಂದು ಭಾರ ಹೊರಿಸುವುದನ್ನು ಬಿಟ್ಟು ಗಾಳಿಯಲ್ಲಿ ತೂಗಾಡತೊಡಗುವುವು. ಮರಳು ನೀರಿನಂತಾಗುವುದು. ಪಾತ್ರೆಯನ್ನು ಓರೆ ಮಾಡಿದರೆ ಮರಳಿನ ಮೇಲ್ಮೈಯು ಸಮವಾಗಿಯೇ ನಿಲ್ಲುವುದು. ಪಕ್ಕದಲ್ಲಿ ತೂತು ಕೊರೆದರೆ ಮರಳು ಧಾರೆಯಾಗಿ ಸುರಿಯುವುದು. ಮರದ ತುಂಡನ್ನು ಹಾಕಿದರೆ ಅದು ತೇಲುವುದು. ಗಾಳಿಯನ್ನು ಇನ್ನೂ ಹೆಚ್ಚಿಸಿದರೆ ಗಂಜಿ ಕುದಿಯುವಾಗ ಕಾಣುವಂತೆ ಗುಳ್ಳೆಗಳೆದ್ದು ಮೇಲಕ್ಕೆ ಬಂದು ಒಡೆಯುವುವು. ಇದನ್ನು ಇಂಗ್ಲಿಷಿನಲ್ಲಿ 'ಫ್ಲೂಯಿಡೈಸ್ಡ್ ಬೆಡ್' ಎನ್ನುವರು. ನಾವು 'ಹರಿಹಾಸು' ಎಂದು ಕರೆಯೋಣ. ಹರಿಯುವ ಗುಣವನ್ನು ಪಡೆದ ಕಣಗಳ ಹಾಸು ಎಂದು ಅರ್ಥ.

ಇದು ಮಕ್ಕಳ ಆಟವಲ್ಲ. ಜರ್ಮನಿಯ ಫ್ರಿಟ್ಸ್ ವಿಂಕ್ಲರ್ ಎಂಬಾತನು ಕಲ್ಲಿದ್ದಲಿನಿಂದ ಅನಿಲವನ್ನು ತೆಗೆಯಲು ಈ ಕ್ರಮವನ್ನು ಹಿಡಿದನು. ಲೋಯ್ನಾ ಎಂಬಲ್ಲಿ 1926ರಲ್ಲಿ ಅಂಥ ದೊಡ್ಡ ಕುಲುಮೆಯು ಕೆಲಸಮಾಡತೊಡಗಿತು. ಅಮೆರಿಕದ ಲೂಸಿಯಾನ ಸಂಸ್ಥಾನದ ಬ್ಯಾಟನ್ ರೂಜ್ ಪಟ್ಟಣದಲ್ಲಿ 1942ರಲ್ಲಿ, ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗ, ಭಾರವಾದ ಕಲ್ಲೆಣ್ಣೆಯನ್ನು ಒಡೆದು ಪೆಟ್ರೋಲನ್ನು ಮಾಡುವ ಹರಿಹಾಸು ಸ್ಥಾಪಿತವಾಯಿತು. ಇಂದಿಗೂ ತೈಲಶುದ್ಧೀಕರಣದ ಕಾರ್ಖಾನೆಗಳಲ್ಲಿ ಈ ಕ್ರಮವು ಮುಖ್ಯವಾದುದು. ನಮ್ಮ ಮಂಗಳೂರಿನ ಕಾರ್ಖಾನೆಯಲ್ಲಿಯೂ ಈ ಜಾತಿಯ ಘಟಕವೊಂದು ಉಂಟು. ಕಲ್ಲಿದ್ದಲನ್ನು ಉರಿಸುವುದಕ್ಕೂ, ಧಾನ್ಯವನ್ನೂ ಔಷಧದ ಪುಡಿಯನ್ನೂ ಒಣಗಿಸುವುದಕ್ಕೂ ಹರಿಹಾಸನ್ನು ಉಪಯೋಗಿಸುವರು. ಕಣಕಣಕ್ಕೂ ಗಾಳಿಯು ತಾಕುವುದರಿಂದ ಶಾಖವು ಎಲ್ಲೆಡೆಯಲ್ಲಿಯೂ ಸಮನಾಗಿ ಹರಡುವುದೇ ಇದರ ಗುಣ.

ಗುಣವಿದ್ದಲ್ಲಿ ದೋಷವೂ ಉಂಟಷ್ಟೆ. ದೋಷವು ಗುಳ್ಳೆಯಲ್ಲಿದೆ. ಗುಳ್ಳೆಯೊಳಗೆ ಸೇರಿದ ಅನಿಲದಲ್ಲಿ ಬಹುಭಾಗವು ಕಣಗಳನ್ನು ಸರಿಯಾಗಿ ತಾಕದೆಯೇ ಮೇಲಕ್ಕೆ ಹಾರಿಹೋಗುವುದು. ಆಗಬೇಕಾದ ರಸಾಯನಕ್ರಿಯೆಯು ಆಗದೆ ಉಳಿಯುವುದು. ಆದರೂ ಗುಳ್ಳೆಯೇ ಸೌಟಿನಂತೆ ಹಾಸನ್ನು ಕಲಕುವುದರಿಂದ ಅದನ್ನು ಪೂರ್ತಿಯಾಗಿ ದೂರುವಂತೆಯೂ ಇಲ್ಲ. ಗುಳ್ಳೆಯು ಎಷ್ಟು ದೊಡ್ಡದು, ಎಷ್ಟು ಬೇಗ ಏಳುವುದು ಎಂಬುದನ್ನು ಮೊದಲೇ ತಿಳಿಯದಿದ್ದರೆ ಕಾರ್ಖಾನೆಯ ಕೆಲಸವು ಕೆಡುವುದು. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಬ್ರೌನ್ಸ್‌ವಿಲ್ ಎಂಬಲ್ಲಿ 1950ರ ಸುಮಾರಿನಲ್ಲಿ ಅನಿಲದಿಂದ ಎಣ್ಣೆಯನ್ನು ಮಾಡುವ ದೊಡ್ಡ ಹರಿಹಾಸನ್ನು ಕಟ್ಟಿದರು. ಚಿಕ್ಕ ಪಾತ್ರೆಯ ಪರೀಕ್ಷೆಯಲ್ಲಿ ದೊರೆತ ಫಲವು ದೊಡ್ಡ ಪಾತ್ರೆಯಲ್ಲಿ ದೊರೆಯಲಿಲ್ಲ. ಅಪಾರವಾದ ಹಣವೂ ಶ್ರಮವೂ ವ್ಯರ್ಥವಾದುವು. ಚಿಕ್ಕ ಹಾಸಿನಲ್ಲಿ ಗುಳ್ಳೆಗೆ ಬೆಳೆಯಲು ಎಡೆಯಿರಲಿಲ್ಲ, ದೊಡ್ಡದರಲ್ಲಿ ಇತ್ತು ಎಂಬುದನ್ನು ತಜ್ಞರು ಆಮೇಲೆ ವಿಸ್ತಾರವಾಗಿ ವಿವೇಚಿಸಿದರು.

ಕಟ್ಟುವುದಕ್ಕೆ ಮೊದಲೇ ಹಾಸಿನ ನಡತೆಯನ್ನು ತಿಳಿಯುವ ಉಪಾಯವೇನು? ಇಲ್ಲಿ ಗಣಕಯಂತ್ರವು ನೆರವಿಗೆ ಬಂದಿತು. ಕಣಗಳನ್ನೂ ಗಾಳಿಯನ್ನೂ ಅಂಕಿಗಳ ರೂಪದಲ್ಲಿ ಯಂತ್ರದೊಳಗೆ ಇಟ್ಟು, ಪ್ರತಿಯೊಂದು ಕಣವೂ ಕ್ಷಣಕ್ಷಣಕ್ಕೆ ಎಲ್ಲಿಗೆ ಸರಿಯುವುದೆಂಬುದನ್ನು ಚಲನೆಯ ನಿಯಮಗಳಂತೆ ಗಣಿಸುತ್ತ ಹೋಗುವುದು. ನಿಜವಾದ ಹಾಸಿನ ಅನುಕರಣವೊಂದು ಹೀಗೆ ಅಂಕಿಗಳಲ್ಲಿ ಸಿದ್ಧವಾಗುವುದು. ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವ ಗಣನಕ್ರಮವನ್ನು ಕಂಡಾಲ್ ಮತ್ತು ಸ್ಟ್ರ್ಯಾಕ್ ಎಂಬಿಬ್ಬರು 1979ರಲ್ಲಿ ಮಣ್ಣಿನ ರಾಶಿಗಳ ವಿಷಯದಲ್ಲಿ ಬರೆದ ಪ್ರಬಂಧವು ಪ್ರಸಿದ್ಧವಾಗಿದೆ. ಜಪಾನಿನ ಸುಜಿ ಎಂಬ ಪಂಡಿತರೂ ಅವರ ಸಹಕಾರಿಗಳೂ 1993ರಲ್ಲಿ ಅದನ್ನು ಹರಿಹಾಸಿಗೆ ಅನ್ವಯಿಸಿದರು. ನೆದರ್ಲೆಂಡ್ಸ್ ದೇಶದ ಟ್ವೆಂಟೆ ವಿಶ್ವವಿದ್ಯಾನಿಲಯದಲ್ಲಿ ಹೂಮನ್ಸ್, ಕೈಪರ್ಸ್ ಮೊದಲಾದವರು 1996ರಲ್ಲಿ ಬೇರೊಂದು ಮಾರ್ಗದಿಂದ ಅದನ್ನೇ ಮಾಡಿದರು.

ಈ ಎರಡು ಮಾರ್ಗಗಳ ಭೇದವು ಪಾಠಶಾಲೆಯಲ್ಲಿ ಓದಿದವರಿಗೆ ಅಪರಿಚಿತವಲ್ಲ. ವೈಶೇಷಿಕರು ಕ್ರಿಯೆಗೆ ಕಾರಣವಾಗುವ ಸಂಯೋಗದಲ್ಲಿ ನೋದನವೆಂದೂ ಅಭಿಘಾತವೆಂದೂ ಎರಡು ಬಗೆಯನ್ನು ಹೇಳಿರುವರು. ಒತ್ತಿಕೊಂಡೇ ನೂಕುವುದು ನೋದನ. ಸದ್ದು ಹುಟ್ಟುವಂತೆ ತಾಕಿ ಬೇರ್ಪಡುವುದು ಅಭಿಘಾತ. ಜಪಾನೀಯರ ಲೆಕ್ಕದಲ್ಲಿ ಕಣಗಳು ಮೆತ್ತಗಿನವು. ಕೂಡಿದ ಕಣಗಳು ಕಿಂಚಿತ್ಕಾಲ ಒಂದನ್ನೊಂದು ಒತ್ತಿ, ನಡುವೆ ಸುರುಳಿಬಿಲ್ಲು ಇದ್ದಂತೆ ಹಿಂದಕ್ಕೆ ಚಿಮ್ಮುವುವು. ಟ್ವೆಂಟೆಯವರ ಲೆಕ್ಕದಲ್ಲಿ ಕಣಗಳು ಗಟ್ಟಿಯಾದುವು. ತಾಕುವುದೂ ಅಗಲುವುದೂ ಒಂದೇ ಕ್ಷಣದಲ್ಲಿ ಮುಗಿಯುವುದು. ಬಗ್ಗಿಸಿದ ಬಿದಿರು ತನ್ನ ಮೊದಲಿನ ನೆಲೆಗೆ ಮರಳುವ ಗುಣವನ್ನು ನಮ್ಮವರು ಸ್ಥಿತಿಸ್ಥಾಪಕವೆಂಬ ಸಂಸ್ಕಾರವಾಗಿ ಎಣಿಸಿದರು. 'ತರ್ಕಸಂಗ್ರಹ'ವನ್ನು ಓದಿದ ಬಾಲಕನಿಗೂ ಇದು ಗೊತ್ತು. ಆದರೆ ಹಳೆಯದರಲ್ಲಿ ಎಲ್ಲವೂ ಇತ್ತೆಂದು ಹೇಳುವುದು ನನ್ನ ಉದ್ದೇಶವಲ್ಲ. ನಮ್ಮವರು ಗುಣವನ್ನು ಗುರುತಿಸಿ ಹೆಸರಿಟ್ಟರು. ಅದರ ಪ್ರಮಾಣವನ್ನು ಅಳೆಯಲಿಲ್ಲ.

ಅಳೆದವನು ನ್ಯೂಟನ್. 1687ರಲ್ಲಿ ಹೊರಬಂದ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಆತನು ಲೋಲಕಗಳಂತೆ ತೂಗುಬಿಟ್ಟ ಉಂಡೆಗಳನ್ನು ಒಂದಕ್ಕೊಂದು ತಾಕಿಸಿ ನೋಡಿದ ಪರೀಕ್ಷೆಗಳನ್ನು ವರ್ಣಿಸಿರುವನು. ಎದುರುಬದುರಾಗಿ ಬಂದ ಉಂಡೆಗಳು ಎಷ್ಟು ವೇಗದಿಂದ ಕೂಡುವುವೋ ಅಷ್ಟೇ ವೇಗದಿಂದ ಅಗಲುವುದಿಲ್ಲ. ಬಿಗಿಯಾಗಿ ಒತ್ತಿದ ಉಣ್ಣೆಯ ಉಂಡೆಗಳಲ್ಲಿ ಕೂಡುವ ವೇಗವು 9 ಆದರೆ ಅಗಲುವ ವೇಗವು 5. ಗಾಜಿನ ಉಂಡೆಗಳಲ್ಲಿ 16ಕ್ಕೆ 15. ಈ ಪ್ರಮಾಣವನ್ನು ಪುಟಿತದ ಗುಣಾಂಕವೆನ್ನೋಣ. ಅದು 1 ಆದರೆ ಪುಟಿತವು ಪರಿಪೂರ್ಣ, ನಷ್ಟವೇನೂ ಇಲ್ಲ. 0 ಆದರೆ ಎರಡು ಉಂಡೆಗಳೂ ಅಂಟಿಕೊಂಡಂತೆ ನಿಲ್ಲುವುವು. ಇದರ ಜೊತೆಗೆ ಕಣಗಳು ಒಂದನ್ನೊಂದು ಉಜ್ಜುವಾಗ ಆಗುವ ಘರ್ಷಣೆಗೂ ಒಂದು ಗುಣಾಂಕವಿದೆ. ಈ ಎರಡು ಅಂಕಿಗಳನ್ನು ಯಂತ್ರಕ್ಕೆ ಹೇಳದೆ ಅಭಿಘಾತದ ಲೆಕ್ಕವು ನಡೆಯದು.

ಈಗ ನಮ್ಮ ಪ್ರಕೃತ ಪ್ರಶ್ನೆಗೆ ಬರೋಣ. ಗಟ್ಟಿಯಾದ, ನುಣುಪಾದ ಗುಂಡಿನ ಗುಣಾಂಕವು 1ಕ್ಕೆ ಬಹು ಸಮೀಪವಾದುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಲೂಜ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಳತೆಯಂತೆ 3 ಮಿಲಿಮೀಟರು ವ್ಯಾಸದ ಗಾಜಿನ ಗುಂಡಿಗೆ ಅದು ಸುಮಾರು 0.97. ಹಾಗಾದಮೇಲೆ ಅದನ್ನು 1 ಎಂದೇ ತೆಗೆದುಕೊಂಡು, ಘರ್ಷಣೆಯನ್ನು ಸೊನ್ನೆಯೆಂದು ಬಿಟ್ಟರೆ ಆಗುವ ಹಾನಿಯೇನು? ನೂರಕ್ಕೆ ಮೂರು ಪಾಲನ್ನು ಬಿಡುವುದು ಅಲ್ಪವಲ್ಲವೆ? ಗಾಳಿಯ ಅಣುಗಳ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದ ಮ್ಯಾಕ್ಸ್‌ವೆಲ್ ಮೊದಲಾದ ಮಹಾಪಂಡಿತರು ಪರಿಪೂರ್ಣ ಪುಟಿತವನ್ನೇ ಭಾವಿಸಿ ಅನಿಲಗಳ ನಡತೆಯನ್ನೆಲ್ಲ ಯಶಸ್ವಿಯಾಗಿ ವಿವರಿಸಲಿಲ್ಲವೆ?

ಟ್ವೆಂಟೆಯವರು ಇದನ್ನು ಪರೀಕ್ಷಿಸಿ ನೋಡಿದರು. 4 ಮಿಲಿಮೀಟರು ವ್ಯಾಸದ 2,400 ಕಣಗಳ ಒಂದು ಹಾಸು. ಪುಟಿತದ ಗುಣಾಂಕವನ್ನು 0.9 ಎಂದೂ ಘರ್ಷಣೆಯದನ್ನು 0.3 ಎಂದೂ ಕೊಟ್ಟಾಗ ಯಂತ್ರವು ಗುಳ್ಳೆಗಳೇಳುವ, ಉಕ್ಕಿ ಬೀಳುವ ಹಾಸನ್ನು ತೋರಿಸಿತು. ನಿಜವಾದ ಹಾಸೂ ಹಾಗೆಯೇ ನಡೆಯುವುದು. ಅದೇ ಕಣ, ಅದೇ ಗಾಳಿ, ಅದೇ ಪಾತ್ರೆಯನ್ನಿಟ್ಟುಕೊಂಡು ಪುಟಿತವು 1, ಘರ್ಷಣೆಯು 0 ಎಂದು ಬದಲಿಸಿದಾಗ ಗುಳ್ಳೆಗಳು ಹೆಚ್ಚುಕಡಮೆ ಮಾಯವಾದುವು. ಹಾಸು ಎಲ್ಲ ಕಡೆಯಲ್ಲಿಯೂ ಸಮನಾಗಿ ಉಬ್ಬಿ ನಿಂತಿತು. ಕಣಗಳಿಂದ ದೋಷವನ್ನು ತೆಗೆದುಹಾಕಿದ ಕೂಡಲೇ ಲೆಕ್ಕದೊಳಗಿನ ಜಗತ್ತು ಹೊರಗಿನ ಜಗತ್ತಿಗೆ ಅಪರಿಚಿತವಾಯಿತು.

ಇದಕ್ಕೆ ಕಾರಣವನ್ನು ಸ್ವಲ್ಪ ಗಣಿತದಿಂದ ತಿಳಿಯಬಹುದು. ವೇಗವು ಹತ್ತರಲ್ಲಿ ಒಂಬತ್ತಾದರೆ ಚಲನಶಕ್ತಿಯು ಅದರ ವರ್ಗದಂತೆ ನೂರರಲ್ಲಿ ಎಂಬತ್ತೊಂದಾಗುವುದು. ಒಂದು ನೇರವಾದ ತಾಕಿನಲ್ಲಿಯೇ ಹತ್ತೊಂಬತ್ತು ಪಾಲು ಕಣಗಳ ಒಳಗಿನ ಕಾವಾಗಿ ಹೋಗಿಬಿಡುವುದು. ಹೀಗೆ ಹತ್ತು ತಾಕುಗಳು ಒಂದರ ಹಿಂದೊಂದು ನಡೆದರೆ ಉಳಿಯುವುದು ಸುಮಾರು ಹನ್ನೆರಡು ಪಾಲು ಮಾತ್ರ. ಗುಣಾಂಕವು 0.99 ಆದರೂ ಹತ್ತು ತಾಕುಗಳಲ್ಲಿ ಹದಿನೆಂಟು ಪಾಲು ಹೋಗುವುದು. ದಟ್ಟವಾದ ಹಾಸಿನಲ್ಲಿಯಾದರೋ ತಾಕುಗಳು ಹತ್ತಲ್ಲ, ನೂರಲ್ಲ. ಅವಕ್ಕೆ ವಿರಾಮವೇ ಇಲ್ಲ. ಕಣಗಳು ಗುಂಪುಕೂಡಿದಲ್ಲಿ ತಾಕು ಹೆಚ್ಚು. ತಾಕು ಹೆಚ್ಚಿದಲ್ಲಿ ಶಕ್ತಿಯ ನಷ್ಟ ಹೆಚ್ಚು. ನಷ್ಟ ಹೆಚ್ಚಿದಲ್ಲಿ ಚಾಂಚಲ್ಯವು ಕುಗ್ಗಿ ಗುಂಪು ಇನ್ನೂ ದಟ್ಟವಾಗುವುದು. ಗಾಳಿಯು ದಟ್ಟವಾದ ಕಡೆಯನ್ನು ಬಿಟ್ಟು ಬರಿದಾದ ಕಡೆಯಲ್ಲಿ ದಾರಿಮಾಡಿಕೊಳ್ಳುವುದು. ಆ ದಾರಿಯೇ ಗುಳ್ಳೆ. ನಷ್ಟವೇ ಇಲ್ಲದ ಕಣಗಳು ತಮ್ಮ ಚಾಂಚಲ್ಯವನ್ನು ಕಳೆದುಕೊಳ್ಳದೆ ಒಂದನ್ನೊಂದು ದೂರ ನೂಕುತ್ತಲೇ ಇರುವುವು. ಗುಂಪು ಕಟ್ಟುವುದಕ್ಕೆ ಎಡೆಗೊಡುವುದಿಲ್ಲ. ಗಾಳಿಯ ಅಣುವಿನ ತಾಕಿನಲ್ಲಿ ಹೀಗೆ ಚಲನೆಯು ಸೋರಿಹೋಗುವುದಿಲ್ಲವಾದುದರಿಂದ ಅಲ್ಲಿ ಮ್ಯಾಕ್ಸ್‌ವೆಲ್ಲನ ಭಾವನೆಯು ಸಲ್ಲುವುದು. ಮರಳಿನ ಕಣದಲ್ಲಿ ಸಲ್ಲದು. ಒಂದೇ ಉಪೇಕ್ಷೆಯು ಒಂದೆಡೆಯಲ್ಲಿ ವಿವೇಕ, ಮತ್ತೊಂದೆಡೆಯಲ್ಲಿ ಪ್ರಮಾದ.

ಇಲ್ಲಿಗೆ ನಮ್ಮ ಮೊದಲನೆಯ ಪ್ರಶ್ನೆಗೆ ಅರ್ಧ ಉತ್ತರವು ದೊರೆಯಿತು. ಅಲ್ಪತ್ವವು ವಸ್ತುವಿನಲ್ಲಿ ಇರುವ ಗುಣವಲ್ಲ. ಅದು ಎಷ್ಟು ಸಲ ಪುನರಾವರ್ತನೆಯಾಗುವುದು, ಒಂದರ ಫಲವು ಇನ್ನೊಂದಕ್ಕೆ ಕಾರಣವಾಗಿ ಬೆಳೆಯುವುದೆ ಎಂಬುದರ ಮೇಲೆ ನಿಂತಿದೆ. ಇದನ್ನು ದೃಢಪಡಿಸುವ ಇನ್ನೊಂದು ಸಂಗತಿಯೂ ಈ ವಿದ್ಯೆಯಲ್ಲಿಯೇ ಇದೆ. ಕಣಗಳು ಮೆತ್ತಗಿನವೆಂದು ಭಾವಿಸುವ ಜಪಾನೀಯರ ಮಾರ್ಗದಲ್ಲಿ ಬಿಲ್ಲಿನ ಗಡಸುತನವನ್ನು ನಿಜಕ್ಕಿಂತ ಬಹುಪಟ್ಟು ಕಡಮೆಯಾಗಿ ಇಡುವರು. ನಿಜವಾದ ಗಡಸುತನವನ್ನು ಇಟ್ಟರೆ ಪ್ರತಿಯೊಂದು ತಾಕೂ ಅತಿ ಸೂಕ್ಷ್ಮಕಾಲದಲ್ಲಿ ಮುಗಿಯುವುದರಿಂದ ಅದನ್ನು ಹಿಂಬಾಲಿಸಲು ಯಂತ್ರಕ್ಕೆ ತಿಂಗಳುಗಳು ಬೇಕಾಗುವುವು. ಹೀಗೆ ಮಾಡುವುದು ನೋಟಕ್ಕೆ ದೊಡ್ಡ ಸುಳ್ಳು. ಆದರೆ ಒಣಗಿದ ದಪ್ಪ ಕಣಗಳ ಹಾಸಿನಲ್ಲಿ ಅದರಿಂದ ಗುಳ್ಳೆಗಳ ನಡತೆಯು ಹೆಚ್ಚಾಗಿ ಬದಲಾಗುವುದಿಲ್ಲವೆಂದು ಪರೀಕ್ಷೆಯಿಂದ ಕಂಡಿರುವರು. ಒಂದು ಅಂಕಿಯನ್ನು ಬಹುಪಟ್ಟು ತಪ್ಪಾಗಿ ಇಟ್ಟರೂ ಹಾನಿಯಿಲ್ಲ. ಇನ್ನೊಂದನ್ನು ಹತ್ತರಲ್ಲಿ ಒಂದು ಪಾಲು ಬದಲಿಸಿದರೆ ಜಗತ್ತೇ ಬೇರೆಯಾಗುವುದು! ತಪ್ಪಿನ ಗಾತ್ರವನ್ನು ನೋಡಿ ಹಾನಿಯ ಗಾತ್ರವನ್ನು ಹೇಳುವುದು ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕೆ?

ಇಲ್ಲಿ ಪೂರ್ವಪಕ್ಷವೊಂದು ಏಳುವುದು. 'ಹಾಗಾದರೆ ಕಷ್ಟವೇನು? ಗುಣಾಂಕವನ್ನು ಹಿಂದುಮುಂದಾಗಿ ತಿರುಗಿಸುತ್ತ ಹೋಗಿ, ಯಂತ್ರದ ಚಿತ್ರವು ನಿಜವಾದ ಹಾಸಿಗೆ ಹೊಂದಿದಲ್ಲಿ ನಿಲ್ಲಿಸಿದರಾಯಿತು. ಫಲವು ಸರಿಯಾದಮೇಲೆ ಕಾರಣವನ್ನು ಏಕೆ ಕೆದಕಬೇಕು?' ಎಂದು ಕೆಲವರು ಕೇಳಬಹುದು. ವ್ಯವಹಾರಜ್ಞರಿಗೆ ಈ ಮಾತು ರುಚಿಸುವುದು. ಆದರೆ ಇದರಲ್ಲಿ ದೊಡ್ಡ ಅಪಾಯವಿದೆ.

ನೈಯಾಯಿಕರು ಉಪಾಧಿಯೆಂಬ ಒಂದು ದೋಷವನ್ನು ಹೇಳುವರು. ಬೆಟ್ಟದಲ್ಲಿ ಬೆಂಕಿಯಿದೆ, ಆದ್ದರಿಂದ ಹೊಗೆಯೂ ಇರಬೇಕು ಎಂದು ಒಬ್ಬನು ಊಹಿಸುವನು. ಅಡಿಗೆಮನೆಯಲ್ಲಿ ಬೆಂಕಿಯೊಡನೆ ಹೊಗೆಯನ್ನು ಕಂಡುದೇ ಅವನ ಆಧಾರ. ಆದರೆ ಅಲ್ಲಿ ಹೊಗೆಗೆ ಕಾರಣವಾದುದು ಬೆಂಕಿಯೊಂದೇ ಅಲ್ಲ, ಹಸಿಯ ಸೌದೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯನ್ನು ಲೆಕ್ಕಕ್ಕೆ ತಾರದೆ ಹೊಗೆಯನ್ನು ಊಹಿಸಿದವನು ಅಡಿಗೆಮನೆಯಲ್ಲಿ ಗೆದ್ದು ಕಮ್ಮಾರನ ಸಾಲೆಯಲ್ಲಿ ಸೋಲುವನು.

ಹರಿಹಾಸಿನಲ್ಲಿಯೂ ಇಂಥ ಉಪಾಧಿಯುಂಟು. ಗುಳ್ಳೆಗೆ ಪುಟಿತದ ನಷ್ಟವೊಂದೇ ಕಾರಣವಲ್ಲ. ಕಣಗಳು ದಟ್ಟವಾದಲ್ಲಿ ಗಾಳಿಯ ಎಳೆತವು ಒಂದು ರೀತಿ, ವಿರಳವಾದಲ್ಲಿ ಮತ್ತೊಂದು ರೀತಿ. ಈ ವ್ಯತ್ಯಾಸದಿಂದಲೇ, ಪರಿಪೂರ್ಣವಾಗಿ ಪುಟಿಯುವ ಕಣಗಳಲ್ಲಿಯೂ, ಗಾಳಿಯ ವೇಗವು ಹೆಚ್ಚಾದಾಗ ಗುಂಪುಗಳೂ ಬಯಲುಗಳೂ ಉಂಟಾಗಬಹುದೆಂದು ಲೀ ಮತ್ತು ಕೈಪರ್ಸ್ ಎಂಬವರು 2003ರಿಂದೀಚೆಗೆ ತೋರಿಸಿಕೊಟ್ಟರು. 1996ರ ಲೆಕ್ಕದಲ್ಲಿ ಪಾಲುಗೊಂಡಿದ್ದ ಕೈಪರ್ಸರೇ ಅದರ ಮೇರೆಯನ್ನೂ ಕಂಡು ಹೇಳಿದುದು ಗಮನಿಸತಕ್ಕ ವಿಷಯ. ಹೀಗೆ ಕಾರಣಗಳು ಎರಡಿರುವಾಗ, ಗಾಳಿಯ ಎಳೆತವನ್ನು ತಪ್ಪಾಗಿ ಗಣಿಸಿದವನು ಪುಟಿತದ ಅಂಕಿಯನ್ನು ತಿರುಗಿಸಿ ಚಿತ್ರವನ್ನು ಸರಿಪಡಿಸಿಬಿಡಬಹುದು. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚುವುದು. ಇಂದಿನ ಪಾತ್ರೆಯಲ್ಲಿ ಚಿತ್ರವು ಹೊಂದುವುದು. ನಾಳೆ ಪಾತ್ರೆಯು ದೊಡ್ಡದಾದಾಗ, ಗಾಳಿಯು ಬಿಸಿಯಾದಾಗ, ಕಣವು ಸಣ್ಣದಾದಾಗ, ಎರಡು ತಪ್ಪುಗಳೂ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ, ಮುಚ್ಚಿದ್ದುದು ಬಿಚ್ಚಿಕೊಳ್ಳುವುದು. ಕಾರ್ಖಾನೆಗೆ ಹಣವನ್ನು ಕೊಟ್ಟವರೂ, ಕುಲುಮೆಯ ಬಳಿಯಲ್ಲಿ ನಿಂತು ಕೆಲಸಮಾಡುವ ಕೂಲಿಕಾರರೂ ಆ ಲೆಕ್ಕವನ್ನು ನಂಬಿರುವರಷ್ಟೆ. ಅವರಿಗೆ ಆ ಅಂಕಿಯನ್ನು ಯಾರು, ಏತಕ್ಕೆ ತಿರುಗಿಸಿದರೆಂಬುದು ತಿಳಿಯದು. ಸರಿಯಾದ ಉತ್ತರವನ್ನು ತಪ್ಪು ಕಾರಣದಿಂದ ಪಡೆಯುವುದು ಜ್ಞಾನವಲ್ಲ. ಇನ್ನೊಬ್ಬರ ಹೊಣೆಯ ಮೇಲೆ ಆಡಿದ ಜೂಜು.

ಎರಡನೆಯ ಪೂರ್ವಪಕ್ಷವು ಇದಕ್ಕೆ ವಿರುದ್ಧವಾದುದು. 'ಯಾವುದನ್ನೂ ಬಿಡಕೂಡದೆಂದರೆ ಲೆಕ್ಕವೇ ನಿಂತುಹೋಗುವುದಲ್ಲ!' ಎಂಬುದು. ಇದೂ ನಿಜವೇ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ವ್ಯಾಸವುಳ್ಳ ಕಣಗಳನ್ನು ಒಂದು ಘನಮೀಟರಿನಲ್ಲಿ ತುಂಬಿದರೆ ಅವುಗಳ ಸಂಖ್ಯೆಯು ಒಂದು ಲಕ್ಷ ಕೋಟಿಯನ್ನು ಮೀರುವುದು. ಒಂದೊಂದನ್ನೂ ಹಿಂಬಾಲಿಸುವೆನೆಂದು ಹಟಹಿಡಿದವನು ಯಾವ ಕುಲುಮೆಯನ್ನೂ ಕಟ್ಟಲಾರನು. ಆದಕಾರಣ ಕಣಗಳನ್ನು ಒಟ್ಟಾಗಿ ದ್ರವದಂತೆ ಭಾವಿಸುವ ಲೆಕ್ಕಗಳನ್ನೂ ಮಾಡುವರು. ಅಲ್ಲಿಯೂ ಪುಟಿತದ ನಷ್ಟವನ್ನು ಸರಿಯಾಗಿ ಸೇರಿಸದಿದ್ದರೆ ಗುಳ್ಳೆಗಳು ಸರಿಯಾಗಿ ಏಳುವುದಿಲ್ಲವೆಂದು ಟ್ವೆಂಟೆಯ ಗೋಲ್ಡ್‌ಷ್ಮಿಟ್ ಮೊದಲಾದವರು 2001ರಲ್ಲಿ ತಿಳಿಸಿದರು. ಉಪೇಕ್ಷೆಯಿಲ್ಲದೆ ವಿದ್ಯೆಯಿಲ್ಲ. ಆದುದರಿಂದ ನಮಗೆ ಬೇಕಾದುದು ಉಪೇಕ್ಷೆಯ ನಿಷೇಧವಲ್ಲ. ಉಪೇಕ್ಷೆಗೆ ಒಂದು ಧರ್ಮ.

ಆ ಧರ್ಮವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದೆಂದು ತೋರುತ್ತದೆ.

ಮೊದಲನೆಯದು, ಬಿಟ್ಟದ್ದನ್ನು ಹೇಳಬೇಕು. 'ಘರ್ಷಣೆಯಿಲ್ಲವೆಂದು ಭಾವಿಸಿ' ಎಂದು ಬಾಯಿಬಿಟ್ಟು ಹೇಳಿದ ಪಾಠಪುಸ್ತಕವು ಸುಳ್ಳನ್ನು ಹೇಳಲಿಲ್ಲ. ಓದುವವನಿಗೆ ತನ್ನ ಮಾತಿನ ಎಲ್ಲೆಯನ್ನು ತೋರಿಸಿತು. ಹೇಳದೆ ಬಿಟ್ಟದ್ದು ಮಾತ್ರ ಅಸತ್ಯದ ಬದಿಗೆ ವಾಲುವುದು.

ಎರಡನೆಯದು, ಅಳೆಯಬಹುದಾದುದನ್ನು ಊಹಿಸಕೂಡದು. ಗಾಜಿನ ಗುಂಡಿನ ಪುಟಿತವನ್ನು ಅಳೆದವರು ಇರುವಾಗ ತನಗೆ ಅನುಕೂಲವಾದ ಅಂಕಿಯನ್ನು ಹಾಕಿಕೊಳ್ಳುವುದಕ್ಕೆ ಅಜ್ಞಾನವೆಂದು ಹೆಸರಿಡಲಾಗದು, ಅದು ಆಲಸ್ಯ.

ಮೂರನೆಯದು, ಬಿಡುವ ಮೊದಲು ಅದನ್ನು ಇಮ್ಮಡಿಮಾಡಿ ನೋಡಬೇಕು, ಅರ್ಧಮಾಡಿ ನೋಡಬೇಕು. ಉತ್ತರವು ಅಲುಗದಿದ್ದರೆ ಬಿಡಬಹುದು, ಅಲುಗಿದರೆ ಬಿಡಲಾಗದು. ಬಿಲ್ಲಿನ ಗಡಸುತನವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು, ಪುಟಿತವು ಆಗಲಿಲ್ಲ. ಒಂದೆಡೆಯಲ್ಲಿ ತೇರ್ಗಡೆಯಾದುದು ಎಲ್ಲೆಡೆಯಲ್ಲಿಯೂ ಆಗುವುದೆಂದು ನಂಬಕೂಡದು. ರವೆಯೂ ಹಿಟ್ಟೂ ಒಂದೇ ಗೋದಿಯಿಂದ ಬಂದರೂ ರವೆಯು ಬೆರಳ ಸಂದಿನಲ್ಲಿ ಸುರಿಯುವುದು, ಹಿಟ್ಟು ಗಂಟುಕಟ್ಟುವುದು. ಇಂಗ್ಲೆಂಡಿನ ಗೆಲ್ಡಾರ್ಟ್ ಎಂಬ ಪಂಡಿತರು 1973ರಲ್ಲಿ ಪುಡಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದಾಗ ಹಿಟ್ಟಿನಂಥವನ್ನು ಬೇರೆಯಾಗಿಯೇ ಇಟ್ಟರು. ಅವುಗಳಲ್ಲಿ ಕಣಕಣದ ಅಂಟೇ ಪ್ರಬಲ. ಕಣಗಳು ಅಂಟುವಲ್ಲಿ ಬಿಲ್ಲಿನ ಗಡಸುತನವನ್ನು ಮನಬಂದಂತೆ ಇಳಿಸುವಂತಿಲ್ಲ.

ನಾಲ್ಕನೆಯದು, ಬಿಟ್ಟದ್ದರ ಭಾರವು ಯಾರ ಮೇಲೆ ಬೀಳುವುದೆಂದು ಕೇಳಬೇಕು. ಲೆಕ್ಕ ಮಾಡಿದವನ ಮೇಲೆಯೇ ಬೀಳುವುದಾದರೆ ಅವನು ಧೈರ್ಯಮಾಡಬಹುದು. ಅನ್ಯರ ಮೇಲೆ ಬೀಳುವುದಾದರೆ ಅವರಿಗೆ ತಿಳಿಸದೆ ಬಿಡಲು ಅವನಿಗೆ ಅಧಿಕಾರವಿಲ್ಲ.

ಇಷ್ಟು ಹೇಳಿದಮೇಲೆ, ಸಮಾಜವೂ ಕಣಗಳ ಹಾಸಿನಂತೆ, ಮನುಷ್ಯರೂ ಒಬ್ಬರನ್ನೊಬ್ಬರು ತಾಕಿ ಶಕ್ತಿಯನ್ನು ಕಳೆದುಕೊಂಡು ಗುಂಪುಕಟ್ಟುವರು ಎಂದು ಹೋಲಿಕೆಯನ್ನು ಬೆಳಸುವ ಆಸೆಯು ಹುಟ್ಟುವುದು ಸಹಜ. ಅದನ್ನು ನಾನು ಮಾಡುವುದಿಲ್ಲ. ಕಣಕ್ಕೆ ಇಚ್ಛೆಯಿಲ್ಲ, ಸುಖದುಃಖಗಳಿಲ್ಲ. ಅದರಿಂದ ಮನುಷ್ಯನಿಗೆ ನೀತಿಯನ್ನು ಹಿಂಡುವುದು ದೃಷ್ಟಾಂತದ ದುರುಪಯೋಗ. ಇಲ್ಲಿ ಧರ್ಮಾಧರ್ಮಗಳಿರುವುದು ಕಣದಲ್ಲಿ ಅಲ್ಲ, ಲೆಕ್ಕ ಮಾಡುವವನಲ್ಲಿ. ಮತ್ತು ಲೆಕ್ಕ ಮಾಡುವವನು ಗಣಕಯಂತ್ರದ ಮುಂದೆ ಕುಳಿತ ವಿದ್ವಾಂಸನೊಬ್ಬನೇ ಅಲ್ಲ. ನಾವೆಲ್ಲರೂ ದಿನವೂ ಒಬ್ಬರನ್ನೊಬ್ಬರು ಲೆಕ್ಕ ಹಾಕುತ್ತಲೇ ಇರುವೆವು.

ನಾನು ಬಲ್ಲ ಕ್ಷೇತ್ರದಿಂದ ಒಂದು ಉದಾಹರಣೆಯನ್ನು ಕೊಡುವೆನು. ದೂರದ ಹಳ್ಳಿಯಿಂದ ನಡೆದು ಬರುವ ಹುಡುಗನೊಬ್ಬನು ದಿನವೂ ಶಾಲೆಗೆ ಹದಿನೈದು ನಿಮಿಷ ತಡವಾಗಿ ಬರುವನೆಂದು ಇಟ್ಟುಕೊಳ್ಳೋಣ. ಕರುಣೆಯುಳ್ಳ ಉಪಾಧ್ಯಾಯನು 'ಹದಿನೈದು ನಿಮಿಷವಷ್ಟೆ' ಎಂದು ಅದನ್ನು ಬಿಟ್ಟುಬಿಡುವನು. ವರ್ಷಕ್ಕೆ ಇನ್ನೂರು ದಿನ ಶಾಲೆ ನಡೆದರೆ ಅದು 3,000 ನಿಮಿಷ, ಎಂದರೆ 50 ಗಂಟೆ. ದಿನಕ್ಕೆ ಐದು ಗಂಟೆಯ ಪಾಠವೆಂದರೆ ಪೂರ್ತಿ ಹತ್ತು ದಿನ. ಅಷ್ಟೇ ಅಲ್ಲ. ಮೊದಲನೆಯ ಪಾಠವು ಪ್ರತಿದಿನವೂ ಲೆಕ್ಕದ್ದಾಗಿದ್ದರೆ ಆ ನಷ್ಟವೆಲ್ಲವೂ ಲೆಕ್ಕದೊಂದರ ಮೇಲೆಯೇ ಬೀಳುವುದು. ಇಂದು ಕೇಳದೆ ಹೋದ ಸೂತ್ರದ ಮೇಲೆ ನಾಳೆಯ ಸೂತ್ರವು ನಿಲ್ಲುವುದರಿಂದ ನಷ್ಟವು ನಷ್ಟವನ್ನು ಹೆರುವುದು. ವರ್ಷದ ಕೊನೆಯಲ್ಲಿ ಪರೀಕ್ಷೆಯ ಪಟ್ಟಿಯನ್ನು ನೋಡಿ 'ಈ ಹುಡುಗನು ಲೆಕ್ಕದಲ್ಲಿ ಮಂದ' ಎಂದು ಬರೆಯುವರು. ಹಸಿಯ ಸೌದೆಯನ್ನು ಕಾಣದೆ ಬೆಂಕಿಯನ್ನು ದೂರಿದಂತಾಯಿತು. ಆ ಮಾತನ್ನು ಹುಡುಗನೂ ನಂಬುವನು, ಅವನ ತಂದೆತಾಯಿಗಳೂ ನಂಬುವರು. ಶಾಲೆಯನ್ನು ಬಿಡಿಸಿ ಕೆಲಸಕ್ಕೆ ಹಚ್ಚುವರು. ಅಲ್ಪವೆಂದು ಬಿಟ್ಟ ಹದಿನೈದು ನಿಮಿಷವು ಒಬ್ಬನ ಜೀವಿತದ ದಿಕ್ಕನ್ನೇ ತಿರುಗಿಸಿತು. ಬಿಟ್ಟವನ ಮೇಲೆ ಒಂದು ಹನಿಯಷ್ಟು ಭಾರವೂ ಬೀಳಲಿಲ್ಲ.

ಮನೆಗಳಲ್ಲಿಯೂ ಹೀಗೆಯೇ. ಎಲ್ಲರೂ ಉಂಡಮೇಲೆ ಉಳಿದುದನ್ನು ಉಣ್ಣುವ ಗೃಹಿಣಿಗೆ ಒಂದು ದಿನ ಒಂದು ತುತ್ತು ಕಡಮೆಯಾದರೆ ಅದು ಅಲ್ಪ. ದಿನದಿನವೂ ಅವಳಿಗೇ ಕಡಮೆಯಾದರೆ ಅದನ್ನು ಅಲ್ಪವೆನ್ನುವವರು ಯಾರು? ಒಂದೇ ಕಡೆಯಲ್ಲಿ ಮತ್ತೆ ಮತ್ತೆ ಬೀಳುವ ನಷ್ಟಕ್ಕೂ, ಎಲ್ಲರ ಮೇಲೂ ಹರಡಿ ಒಮ್ಮೆ ಬಿದ್ದುಹೋಗುವ ನಷ್ಟಕ್ಕೂ ಇರುವ ಭೇದವನ್ನು ಸರಾಸರಿಯ ಅಂಕಿಯು ತೋರಿಸಲಾರದು.

ಪರಿಪೂರ್ಣವಾದ ಕಣವನ್ನು ಕಲ್ಪಿಸಿದವರು ಕೆಟ್ಟವರಲ್ಲ. ಲೆಕ್ಕವು ಸುಲಭವಾಗಲೆಂದು, ವಿಚಾರವು ನಿರ್ಮಲವಾಗಲೆಂದು ಕಲ್ಪಿಸಿದರು. ಅದರಿಂದ ಅನಿಲಶಾಸ್ತ್ರಕ್ಕೆ ಮಹೋಪಕಾರವೂ ಆಯಿತು. ಆದರ್ಶವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದರಿಂದ ದೋಷವಿಲ್ಲ. ಆದರ್ಶವನ್ನೇ ಇರುವ ವಸ್ತುವೆಂದು ತಿಳಿದು ಅದರ ಮೇಲೆ ಕುಲುಮೆಯನ್ನು ಕಟ್ಟುವುದು ದೋಷ. ನೂರಕ್ಕೆ ಮೂರು ಪಾಲಿನ ಕೊರತೆಯನ್ನು ಸಹ ಬಿಡದೆ ಅಳೆದು, ಪುಸ್ತಕದಲ್ಲಿ ಬರೆದಿಟ್ಟ ವಿದ್ವಾಂಸರು ಗಾಜಿನ ಗುಂಡಿಗೆ ತೋರಿಸಿದ ಗೌರವವನ್ನು ನಾವು ನಮ್ಮ ಜೊತೆಯವರಿಗೆ ತೋರಿಸಿದರೆ ಸಾಕು. ಯಾವುದನ್ನಾದರೂ 'ಇಷ್ಟೇ ಅಲ್ಲವೆ' ಎಂದು ಬಿಡುವ ಮೊದಲು, ಇದು ಎಷ್ಟು ಸಲ, ಯಾರ ಮೇಲೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಉತ್ತರವು ಸಿಕ್ಕಿದ ಮೇಲೆಯೂ ಬಿಡಬೇಕಾಗಿ ಬಂದರೆ ಬಿಡಬಹುದು. ಆಗ ಬಿಟ್ಟದ್ದೇನೆಂಬುದು ನಮಗೂ ತಿಳಿದಿರುವುದು, ಅದರ ಭಾರವನ್ನು ಹೊರುವವರಿಗೂ ತಿಳಿದಿರುವುದು.